ನಿನ್ನೆಯ ಸೆಟ್ಟಿಂಗು, ಇಂದಿನ ಚಿತ್ರ

ಮದುವೆ, ಗೃಹಪ್ರವೇಶ, ನಾಮಕರಣಗಳ ಚಿತ್ರಗಳನ್ನು ನೋಡುತ್ತ ಕುಳಿತಾಗ ಎಲ್ಲರ ಮನೆಗಳಲ್ಲಿಯೂ ಒಮ್ಮೆಯಾದರೂ ಕೇಳಿಬರುವ ಉದ್ಗಾರವೊಂದಿದೆ: "ಅಯ್ಯೋ, ಸೆಟ್ಟಿಂಗ್ ನೋಡಿಕೊಳ್ಳಲೇ ಇಲ್ಲ!" ಹಿಂದಿನ ರಾತ್ರಿ ಬಲ್ಬಿನ ಬೆಳಕಿಗೆಂದು ಹೊಂದಿಸಿದ್ದ ಡಿಜಿಟಲ್ ಕ್ಯಾಮೆರಾದಲ್ಲಿಯೇ ಮರುದಿನ ಬಿಸಿಲಿನಲ್ಲಿ ಧಾರೆಯ ಚಿತ್ರ ತೆಗೆದಿರುತ್ತಾರೆ, ವಧೂವರರ ಮುಖಗಳು ನೀಲಿಗಟ್ಟಿರುತ್ತವೆ. ಅಥವಾ ಯಾವಾಗಲೋ ಮಿಂಚಂಚೆಯಲ್ಲಿ ಕಳುಹಿಸಲೆಂದು ಚಿತ್ರದ ಅಳತೆಯನ್ನು ಚಿಕ್ಕದು ಮಾಡಿದ್ದವರು ಅದನ್ನು ಹಾಗೆಯೇ ಬಿಟ್ಟಿರುತ್ತಾರೆ; ಅಜ್ಜಿಯ ಕಟ್ಟಕಡೆಯ ಭಾವಚಿತ್ರವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆಂದು ಹೊರಟಾಗ ಅದು ಅಂಚೆಚೀಟಿಗಿಂತ ದೊಡ್ಡದಾಗಲು ಒಪ್ಪುವುದಿಲ್ಲ. ಧಾರೆಯನ್ನು ಮತ್ತೊಮ್ಮೆ ಎರೆಯುವಂತಿಲ್ಲ. ಅಜ್ಜಿ ಮತ್ತೆ ಬರುವುದಿಲ್ಲ.

ಇದನ್ನು ಮರೆವು ಎಂದು ಕರೆದು ನಕ್ಕು ಸುಮ್ಮನಾಗುವುದು ವಾಡಿಕೆ. ಆದರೆ ಈ ಮರೆವಿಗೆ ಒಂದು ಇತಿಹಾಸವಿದೆ. ಅದು ನಮ್ಮ ನಿಮ್ಮ ಮನೆಗಳಿಗೆ ಮಾತ್ರ ಸೇರಿದ್ದಲ್ಲ. ಜಗತ್ತಿನ ಅತ್ಯಂತ ಎಚ್ಚರದ ಜನರೂ, ಅತ್ಯಂತ ಬೆಲೆಬಾಳುವ ಕ್ಯಾಮೆರಾಗಳೂ ಇದರಿಂದ ಪಾರಾಗಿಲ್ಲ. ಆ ಇತಿಹಾಸವನ್ನು ಸ್ವಲ್ಪ ವಿಸ್ತಾರವಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸೆಟ್ಟಿಂಗ್ ಎಂಬುದು ಯಾವಾಗಲೂ ಹಿಂದಿನ ಒಂದು ಕ್ಷಣದ ನಿರ್ಧಾರ; ಚಿತ್ರವಾದರೋ ಈ ಕ್ಷಣದ್ದು. ಅವೆರಡರ ನಡುವೆ ಬೆಳಕು, ಶಾಖ, ಸ್ಥಳ, ಉದ್ದೇಶ ಎಲ್ಲವೂ ಬದಲಾಗಿರಬಹುದು. ಆದ್ದರಿಂದ ನಿನ್ನೆ ಪರೀಕ್ಷಿಸಿದ್ದೇವೆ ಎಂಬ ಸಮಾಧಾನ ಇಂದಿನ ಚಿತ್ರವನ್ನು ಕಾಯಲಾರದು.

ಮೊದಲಿಗೆ, ಈ ಸೆಟ್ಟಿಂಗುಗಳು ನಮ್ಮ ಬಾಳಿಗೆ ಬಂದದ್ದಾದರೂ ಹೇಗೆ ಎಂಬುದನ್ನು ನೋಡೋಣ. ಫ್ರಾನ್ಸಿನ ಡಾಗೇರ್ ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಈ ಗಾಜು ಒದ್ದೆಯಾಗಿರುವಾಗಲೇ ಎಲ್ಲವೂ ಮುಗಿಯಬೇಕು. ದ್ರವ ಸವರುವುದು, ಕ್ಯಾಮೆರಾದೊಳಗೆ ಇಡುವುದು, ಬೆಳಕು ತೋರಿಸುವುದು, ಕತ್ತಲೆಯ ಡೇರೆಗೆ ಓಡಿ ತೊಳೆಯುವುದು – ಎಲ್ಲವೂ ಕೆಲವೇ ನಿಮಿಷಗಳ ಕೆಲಸ. ಕಷ್ಟದ ಕೆಲಸವೇ ಹೌದು. ಆದರೆ ಅದರಲ್ಲಿ ನಿನ್ನೆಯದು ಯಾವುದೂ ಇಂದಿಗೆ ಉಳಿಯುತ್ತಿರಲಿಲ್ಲ. ಪ್ರತಿ ಚಿತ್ರಕ್ಕೂ ಆದಿಯಿಂದ ಆರಂಭಿಸಬೇಕಾಗಿತ್ತು. ಕರಿಯ ಬಟ್ಟೆಯನ್ನು ತಲೆಯ ಮೇಲೆ ಹೊದ್ದು, ಹಿಂಬದಿಯ ಮಸುಕು ಗಾಜಿನಲ್ಲಿ ತಲೆಕೆಳಗಾಗಿ ಕಾಣುವ ಬಿಂಬವನ್ನು ನೋಡದೆ ಯಾರೂ ಮುಂದುವರಿಯುವಂತೆಯೇ ಇರಲಿಲ್ಲ. ಪರೀಕ್ಷೆ ಎಂಬುದು ಕೆಲಸದೊಳಗೇ ಬೆರೆತುಹೋಗಿತ್ತು.

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದನು. ಅದರ ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳಿಗಾಗುವಷ್ಟು ಫಿಲ್ಮ್ ಸುರುಳಿ. ಫೋಕಸ್ ಸ್ಥಿರ, ಬೆಳಕಿನ ಕಿಂಡಿ ಸ್ಥಿರ, ತೆರೆದು ಮುಚ್ಚುವ ವೇಗವೂ ಒಂದೇ. ನೂರು ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಬೇಕು. ಅವರು ಚಿತ್ರಗಳನ್ನು ತೊಳೆದು, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. ಹೊಂದಿಸಲು ಏನೂ ಇಲ್ಲದಿದ್ದುದರಿಂದ ಮರೆಯಲೂ ಏನೂ ಇರಲಿಲ್ಲ! ನಮ್ಮ ದೇಶದಲ್ಲಿ ಒಂದು ತಲೆಮಾರು ಬಳಸಿದ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಇದೇ ವಂಶದ್ದು. ಒಂದು ರೀಲಿಗೆ ಹನ್ನೆರಡು ಚೌಕಾಕಾರದ ಚಿತ್ರಗಳು. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ನಿಮ್ಮಲ್ಲಿ ಹಲವರ ಮನೆಯ ಹಳೆಯ ಆಲ್ಬಮ್ಮುಗಳಲ್ಲಿ ಆ ಚೌಕ ಚಿತ್ರಗಳು ಇಂದಿಗೂ ಇದ್ದಾವು.

ಮರೆವಿಗೆ ನಿಜವಾದ ಅವಕಾಶ ದೊರೆತದ್ದು ಕ್ಯಾಮೆರಾಗಳಲ್ಲಿ ತಿರುಗುವ ಬಿಲ್ಲೆಗಳು ಹೆಚ್ಚಿದ ಮೇಲೆ. ಒಳಗಿರುವ ಫಿಲ್ಮು ಬೆಳಕಿಗೆ ಎಷ್ಟು ಚುರುಕಾಗಿ ಸ್ಪಂದಿಸುತ್ತದೆ ಎಂಬುದನ್ನು ಸೂಚಿಸುವ ಅಂಕಿಯೊಂದಿದೆ. ಸ್ಟುಡಿಯೋದವರ ಮಾತಿನಲ್ಲಿ ಎ.ಎಸ್.ಎ. 400ರ ರೀಲನ್ನು ತೆಗೆದು 100ರ ರೀಲು ಹಾಕಿದವರು ಬಿಲ್ಲೆಯನ್ನು 400ರಲ್ಲಿಯೇ ಬಿಟ್ಟರೆ, ಬೇಕಾದ ಬೆಳಕಿನ ಕಾಲುಭಾಗ ಮಾತ್ರ ಒಳಗೆ ಹೋಗಿ ಮೂವತ್ತಾರು ಚಿತ್ರಗಳೂ ಕಪ್ಪಾಗುತ್ತಿದ್ದವು. ಇದು ಗೊತ್ತಾಗುತ್ತಿದ್ದುದು ರೀಲನ್ನು ತೊಳೆಸಿದ ಮೇಲೆ, ಅಂದರೆ ಒಂದು ವಾರವೋ ಹದಿನೈದು ದಿನವೋ ಕಳೆದ ಬಳಿಕ. ಈ ತಪ್ಪು ಎಷ್ಟು ಸಾಮಾನ್ಯವಾಗಿತ್ತೆಂದರೆ, 1983ರಲ್ಲಿ ಕೊಡಕ್ ಸಂಸ್ಥೆ ಫಿಲ್ಮಿನ ಡಬ್ಬಿಯ ಮೇಲೆಯೇ ಕಪ್ಪು ಬಿಳುಪಿನ ಚೌಕಗಳ ಸಂಕೇತವೊಂದನ್ನು ಅಚ್ಚು ಹಾಕಿ, ಕ್ಯಾಮೆರಾ ತಾನೇ ಅದನ್ನು ಓದಿಕೊಳ್ಳುವ ವ್ಯವಸ್ಥೆಯನ್ನು ತಂದಿತು. ಮನುಷ್ಯನಿಗೆ ನೆನಪಿಸುವುದಕ್ಕಿಂತ ಅವನ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವುದೇ ಲೇಸು ಎಂಬ ತೀರ್ಮಾನವದು.

ಡಿಜಿಟಲ್ ಕ್ಯಾಮೆರಾ ಬಂದಾಗ ಈ ಕತೆ ತಿರುವು ಪಡೆಯಿತು. ಅದೇ ಕೊಡಕ್ ಸಂಸ್ಥೆಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ರೂಪಿಸಿದ ಮೊದಲ ಮಾದರಿ ಸುಮಾರು 3.6 ಕಿಲೋ ತೂಗುತ್ತಿತ್ತು. ಕೇವಲ ಹತ್ತು ಸಾವಿರ ಚುಕ್ಕಿಗಳ ಒಂದು ಕಪ್ಪು ಬಿಳುಪು ಚಿತ್ರವನ್ನು ಟೇಪಿನ ಮೇಲೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಲ್ಲಿಂದ ಮುಂದಿನ ಮೂರು ದಶಕಗಳಲ್ಲಿ ಬಂದ ಕ್ಯಾಮೆರಾಗಳಲ್ಲಿ, ಹಿಂದೆ ರೀಲಿಗೆ ಸೇರಿದ್ದ ಗುಣಗಳೆಲ್ಲ – ಬೆಳಕಿನ ಚುರುಕು, ಬಣ್ಣದ ಸಮತೋಲ, ಚಿತ್ರದ ಅಳತೆ – ಒಂದು ಗುಂಡಿಯ ಹಿಂದೆ ಅಡಗಿ ಕುಳಿತವು. ರೀಲು ಮುಗಿದರೆ ಅದರ ಗುಣವೂ ಅದರೊಂದಿಗೆ ಹೋಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ರೀಲೂ ಇಲ್ಲ, ಮುಗಿಯುವುದೂ ಇಲ್ಲ. ಆರು ತಿಂಗಳ ಹಿಂದೆ ಯಾರೋ ಒಂದು ಸಂಜೆಗೆಂದು ಬದಲಿಸಿದ ಅಂಕಿ, ಕ್ಯಾಮೆರಾ ಬೀರುವಿನಲ್ಲಿ ಮಲಗಿದ್ದಾಗಲೂ ಎಚ್ಚರವಾಗಿಯೇ ಇರುತ್ತದೆ. ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ. ತೊಂದರೆ ಹುಟ್ಟುವುದು ಇವೆರಡೂ ಸೇರಿದಾಗ.

ಈಗ ಮನೆಯ ಆಲ್ಬಮ್ಮಿನಿಂದ ವಿಜ್ಞಾನದ ಇತಿಹಾಸಕ್ಕೆ ಬರೋಣ. ಅಲ್ಲಿ ಇದೇ ಪ್ರಶ್ನೆ ಬಹಳ ದೊಡ್ಡ ಪ್ರಮಾಣದಲ್ಲಿ ಎದುರಾದ ದಿನವೊಂದಿದೆ: 1919ರ ಮೇ 29, ಪೂರ್ಣ ಸೂರ್ಯಗ್ರಹಣ.

ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಸ್ವಲ್ಪ ಬಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರು. ಸೂರ್ಯನ ಅಂಚಿನಲ್ಲಿ ಆ ಬಾಗು 1.75 ಸೆಕೆಂಡುಗಳಷ್ಟು, ಇಲ್ಲಿ ಸೆಕೆಂಡು ಎಂದರೆ ಕಾಲವಲ್ಲ, ಕೋನ, ಒಂದು ಡಿಗ್ರಿಯ 3600ನೇ ಒಂದು ಭಾಗ. ನ್ಯೂಟನ್ನನ ನಿಯಮದಿಂದ ಲೆಕ್ಕ ಹಾಕಿದರೆ ಅದರರ್ಧ, 0.87 ಮಾತ್ರ. ಯಾವುದು ಸರಿ? ಹಗಲಿನಲ್ಲಿ ಸೂರ್ಯನ ಪಕ್ಕದ ನಕ್ಷತ್ರಗಳು ಕಾಣುವುದು ಪೂರ್ಣಗ್ರಹಣದ ಕತ್ತಲೆಯಲ್ಲಿ ಮಾತ್ರ. 1980ರ ಫೆಬ್ರುವರಿ 16ರಂದು ಹುಬ್ಬಳ್ಳಿ, ರಾಯಚೂರುಗಳ ಕಡೆ ಪೂರ್ಣಗ್ರಹಣ ಕಂಡವರಿಗೆ ಆ ಕತ್ತಲೆ ಎಷ್ಟು ಬೇಗ ಮುಗಿದುಹೋಗುತ್ತದೆ ಎಂಬುದು ನೆನಪಿರಬಹುದು. ಅಲ್ಲಿ ಅದು ಮೂರು ನಿಮಿಷವೂ ಇರಲಿಲ್ಲ. 1919ರದ್ದು ದೀರ್ಘ ಗ್ರಹಣ. ಆದರೂ ಸಿಕ್ಕ ಸಮಯ ಐದು ನಿಮಿಷಗಳ ಆಸುಪಾಸು. ಸಾಲದ್ದಕ್ಕೆ ಸೂರ್ಯ ಆಗ ವೃಷಭ ರಾಶಿಯ ಹೈಯಡೀಸ್ ಎಂಬ ನಕ್ಷತ್ರಗುಚ್ಛದ ಎದುರು ಇದ್ದನು. ಅಷ್ಟು ಒಳ್ಳೆಯ ಹಿನ್ನೆಲೆ ಎಲ್ಲ ಗ್ರಹಣಗಳಿಗೂ ದೊರೆಯುವುದಿಲ್ಲ.

ಇಂಗ್ಲೆಂಡಿನ ರಾಜಖಗೋಳಜ್ಞ ಫ್ರಾಂಕ್ ಡೈಸನ್ ಅವರ ಮುಂದಾಳುತನದಲ್ಲಿ ಎರಡು ತಂಡಗಳು ಹೊರಟವು. ಎಡಿಂಗ್ಟನ್ ಮತ್ತು ಕಾಟಿಂಗ್‌ಹ್ಯಾಮ್ ಆಫ್ರಿಕದ ಪಶ್ಚಿಮ ಕರಾವಳಿಯ ಆಚೆಗಿರುವ ಪ್ರಿನ್ಸಿಪೆ ದ್ವೀಪಕ್ಕೆ. ಕ್ರೋಮೆಲಿನ್ ಮತ್ತು ಡೇವಿಡ್‌ಸನ್ ಬ್ರೆಜಿಲ್ ದೇಶದ ಸೊಬ್ರಾಲ್ ಎಂಬ ಊರಿಗೆ. ಸೊಬ್ರಾಲ್ ತಂಡದ ಮುಖ್ಯ ಉಪಕರಣ ಗ್ರೀನಿಚ್ ವೀಕ್ಷಣಾಲಯದಿಂದ ತಂದ ದೊಡ್ಡ ಮಸೂರ, ಅಂದರೆ ನಕ್ಷತ್ರಗಳ ಚಿತ್ರ ತೆಗೆಯಲೆಂದೇ ಮಾಡಿದ ಆಸ್ಟ್ರೋಗ್ರಾಫಿಕ್ ಮಸೂರ. ದೂರದರ್ಶಕವನ್ನು ನೆಲಕ್ಕೆ ಅಡ್ಡಲಾಗಿ ಮಲಗಿಸಿ, ತಿರುಗುವ ಕನ್ನಡಿಯೊಂದರಿಂದ ಆಕಾಶದ ಬೆಳಕನ್ನು ಅದರೊಳಕ್ಕೆ ಹಾಯಿಸುವ ಏರ್ಪಾಡು. ಹೊರಡುವ ಮುನ್ನ, ಗ್ರಹಣಗಳ ಚಿತ್ರ ತೆಗೆದು ಅನುಭವವಿದ್ದ ಪಾದ್ರಿ ಕಾರ್ಟಿ ಅವರು ಒಂದು ಸಲಹೆ ಕೊಟ್ಟರು. ತಾವು 1914ರಲ್ಲಿ ಸ್ವೀಡನ್ನಿನ ಗ್ರಹಣಕ್ಕೆ ಬಳಸಿದ್ದ ನಾಲ್ಕು ಅಂಗುಲದ ಚಿಕ್ಕ ಮಸೂರವನ್ನೂ ಜೊತೆಗೆ ಒಯ್ಯಿರಿ ಎಂದು. ಅದೂ ಪೆಟ್ಟಿಗೆಯೊಳಗೆ ಸೇರಿತು.

ಸೊಬ್ರಾಲಿನಲ್ಲಿ ಪರೀಕ್ಷೆಗೆ ಯಾವ ಕೊರತೆಯೂ ಇರಲಿಲ್ಲ. ಗ್ರಹಣದ ಮುಂಚಿನ ರಾತ್ರಿಗಳಲ್ಲಿ ನಕ್ಷತ್ರಗಳ ಚಿತ್ರ ತೆಗೆದು, ತೊಳೆದು, ನೋಡಿ, ಫೋಕಸ್ಸನ್ನು ಗೊತ್ತುಪಡಿಸಿದರು. ಅಳತೆಪಟ್ಟಿಯಲ್ಲಿ ಮುಳ್ಳು 11.0 ಮಿಲಿಮೀಟರಿನಲ್ಲಿ ನಿಂತಿತು. ಗ್ರಹಣದ ಬೆಳಗ್ಗೆ ಮೋಡ ಕವಿದಿತ್ತು. ಪೂರ್ಣಗ್ರಹಣಕ್ಕೆ ಸ್ವಲ್ಪ ಮುಂಚೆ ಸೂರ್ಯನ ಸುತ್ತ ಆಕಾಶ ತೆರೆಯಿತು. ದೊಡ್ಡ ಮಸೂರದಿಂದ 19 ಗಾಜಿನ ಫಲಕಗಳು, ಚಿಕ್ಕ ಮಸೂರದಿಂದ 8. ಎಲ್ಲವೂ ಲೆಕ್ಕಾಚಾರದಂತೆಯೇ ನಡೆಯಿತು.

ರಾತ್ರಿಯ ತಂಪಿನಲ್ಲಿ ಫಲಕಗಳನ್ನು ತೊಳೆಯಲು ಕುಳಿತರು. ಮೇ 30ರ ನಸುಕಿನ ಮೂರು ಗಂಟೆಗೆ ದೊಡ್ಡ ಮಸೂರದ ನಾಲ್ಕು ಫಲಕಗಳು ತೊಳೆದು ಮುಗಿದಾಗ ಎದೆ ಕುಸಿಯುವ ನೋಟ ಎದುರಾಯಿತು. ನಕ್ಷತ್ರಗಳು ಬಂದಿದ್ದವು, ಆದರೆ ಚುಕ್ಕಿಯಂತಲ್ಲ, ಕದಡಿದಂತೆ. ಫೋಕಸ್ ಜಾರಿತ್ತು. ಮುಳ್ಳನ್ನು ಮತ್ತೆ ನೋಡಿದರು, ಅದು 11.0ರಲ್ಲಿಯೇ ಇತ್ತು! ಯಾರೂ ಅದನ್ನು ಮುಟ್ಟಿರಲಿಲ್ಲ. ಹಗಲಿನ ಬಿಸಿಲಿಗೆ ಕನ್ನಡಿ ಅಲ್ಲಲ್ಲಿ ಹೆಚ್ಚು ಕಡಿಮೆಯಾಗಿ ಹಿಗ್ಗಿ, ಬೆಳಕನ್ನು ಬೇರೆಡೆಗೆ ಸೇರಿಸಿತ್ತು ಎಂದು ಅವರು ತೀರ್ಮಾನಿಸಿದರು. ಜುಲೈ ತಿಂಗಳಿನಲ್ಲಿ ಅದೇ ನಕ್ಷತ್ರಗಳನ್ನು ಸೂರ್ಯನಿಲ್ಲದ ಆಕಾಶದಲ್ಲಿ ಹೋಲಿಕೆಗಾಗಿ ಚಿತ್ರಿಸಿದಾಗ, ಏನನ್ನೂ ಬದಲಿಸದೆಯೇ, ಫೋಕಸ್ ತಾನಾಗಿ ಹಿಂದಿರುಗಿತ್ತು.

ಈ ಪ್ರಸಂಗದ ಮರ್ಮ ಇಲ್ಲಿದೆ. ಅವರು ಪರೀಕ್ಷಿಸಲು ಮರೆತವರಲ್ಲ. ರಾತ್ರಿಯ ತಂಪಿನಲ್ಲಿ ಮಾಡಿದ ಪರೀಕ್ಷೆ ರಾತ್ರಿಗೆ ನಿಜವಾಗಿತ್ತು. ಚಿತ್ರ ಬೇಕಾಗಿದ್ದುದು ಹಗಲಿನದು. ಅಳತೆಪಟ್ಟಿಯ ಅಂಕಿ ಸುಳ್ಳು ಹೇಳಲಿಲ್ಲ. ಆದರೆ ಅದು ಉತ್ತರಿಸುತ್ತಿದ್ದ ಪ್ರಶ್ನೆಯೇ ಬೇರೆ.

ಅವರನ್ನು ಕಾಪಾಡಿದ್ದು ಕಾರ್ಟಿಯವರ ಚಿಕ್ಕ ಮಸೂರ. ಅದಕ್ಕೆ ಬೇರೆಯದೇ ಕನ್ನಡಿ ಇತ್ತು. ಅದರ ಎಂಟು ಫಲಕಗಳಲ್ಲಿ ಏಳು ಸ್ಫುಟವಾಗಿ ಬಂದವು. ಏಳು ನಕ್ಷತ್ರಗಳನ್ನು ಅಳೆಯುವುದು ಸಾಧ್ಯವಾಯಿತು. ಅಳೆಯಬೇಕಾದ ಸ್ಥಾನಪಲ್ಲಟ ಎಷ್ಟು ಗೊತ್ತೇ? ಫಲಕದ ಮೇಲೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟೂ ಇಲ್ಲ! ಫಲಿತಾಂಶ 1.98 ಸೆಕೆಂಡು. ಮೋಡದ ನಡುವೆ ಪ್ರಿನ್ಸಿಪೆಯಲ್ಲಿ ಎಡಿಂಗ್ಟನ್ನರಿಗೆ ದಕ್ಕಿದ ಎರಡು ಫಲಕಗಳಿಂದ 1.61. ಜಾರಿದ ಫೋಕಸ್ಸಿನ ದೊಡ್ಡ ಮಸೂರದಿಂದ 0.93, ಅಂದರೆ ನ್ಯೂಟನ್ನನ ಕಡೆಗೆ ವಾಲಿದ ಅಂಕಿ. 1919ರ ನವೆಂಬರ್ 6ರಂದು ಲಂಡನ್ನಿನಲ್ಲಿ ಎರಡು ವಿದ್ವತ್ಸಭೆಗಳ ಜಂಟಿ ಅಧಿವೇಶನದಲ್ಲಿ ಡೈಸನ್ ಅವರು ಐನ್‌ಸ್ಟೈನರ ಪರವಾಗಿ ತೀರ್ಪು ನೀಡಿದರು. ಒಂದು ವೇಳೆ ಆ ಚಿಕ್ಕ ಮಸೂರ ಹಡಗಿನಲ್ಲಿ ಇಲ್ಲದಿದ್ದರೆ ಆ ಸಭೆಯಲ್ಲಿ ಏನು ಹೇಳಬೇಕಾಗುತ್ತಿತ್ತೋ, ಯೋಚಿಸಿ ನೋಡಿ.

ಇನ್ನೊಂದು ಮಾತು ಇತಿಹಾಸದ ವಿದ್ಯಾರ್ಥಿಗಳಿಗೆ ಮುಖ್ಯ. ಕೆಟ್ಟ ಫಲಕಗಳನ್ನು ಅವರು ಒಡೆದು ಎಸೆಯಲಿಲ್ಲ, ಮುಚ್ಚಿಡಲೂ ಇಲ್ಲ. ಫೋಕಸ್ ಜಾರಿದ ಸಂಗತಿ, ಗಂಟೆ, ಮುಳ್ಳಿನ ಅಂಕಿ, 0.93 ಎಂಬ ಪ್ರತಿಕೂಲ ಫಲಿತಾಂಶ ಎಲ್ಲವನ್ನೂ ವರದಿಯಲ್ಲಿ ಬರೆದಿಟ್ಟರು. ಮುಂದೆ ಇದೇ ಕಾರಣಕ್ಕೆ, ತಮಗೆ ಬೇಡವಾದ ಫಲಿತಾಂಶವನ್ನು ಕೈಬಿಟ್ಟರೇ ಎಂಬ ಶಂಕೆಯೂ ಅವರ ಮೇಲೆ ಬಂತು. ಆದರೆ ಫಲಕಗಳು ಉಳಿದಿದ್ದವು. 1979ರಲ್ಲಿ ಗ್ರೀನಿಚ್ ವೀಕ್ಷಣಾಲಯದವರು ಅವನ್ನು ಹೊಸ ಯಂತ್ರದಿಂದ ಮರಳಿ ಅಳೆದಾಗ, ದೊಡ್ಡ ಮಸೂರದ ಫಲಕಗಳಿಂದಲೂ 1.55 ಬಂತು. ಅರವತ್ತು ವರ್ಷಗಳ ನಂತರ ಕದಡಿದ ಚಿತ್ರಗಳೂ ಸಾಕ್ಷಿ ನುಡಿದವು! ಅದು ಸಾಧ್ಯವಾದದ್ದು ತಪ್ಪನ್ನು ತಪ್ಪೆಂದು ಬರೆದಿಟ್ಟದ್ದರಿಂದ.

ಸರಿಯಾಗಿ ಐವತ್ತು ವರ್ಷಗಳ ಬಳಿಕ, 1969ರ ನವೆಂಬರ್ 19ರಂದು, ಕ್ಯಾಮೆರಾ ಚಂದ್ರನ ಮೇಲಿತ್ತು. ಅಪೊಲೊ 12ರ ಪೀಟ್ ಕಾನ್ರಾಡ್ ಮತ್ತು ಆಲನ್ ಬೀನ್ ಅಲ್ಲಿ ಇಳಿದಿದ್ದರು. ಅಪೊಲೊ 11ರ ದೃಶ್ಯಗಳು ಕಪ್ಪು ಬಿಳುಪು. ಈ ಬಾರಿ ಚಂದ್ರನ ನೆಲದಿಂದ ಮೊದಲ ಬಣ್ಣದ ಟೆಲಿವಿಷನ್. ನೌಕೆಯ ಪಕ್ಕದಲ್ಲಿದ್ದ ಕ್ಯಾಮೆರಾವನ್ನು ಬೀನ್ ಮುಕ್ಕಾಲಿಯ ಮೇಲೆ ನಿಲ್ಲಿಸಲು ಒಯ್ಯುವಾಗ ಅದರ ಕಣ್ಣು ಸೂರ್ಯನ ಕಡೆ ತಿರುಗಿತು. ವಾಯುವಿಲ್ಲದ ಆಕಾಶದ ಸೂರ್ಯ! ಒಳಗಿನ ಸೂಕ್ಷ್ಮ ನಳಿಕೆ ಸುಟ್ಟುಹೋಯಿತು. ಬೀನ್ ಸುತ್ತಿಗೆಯಿಂದ ತಟ್ಟಿಯೂ ನೋಡಿದರು, ಫಲವಾಗಲಿಲ್ಲ. ಆ ಯಾತ್ರೆಯ ಉಳಿದ ಚಂದ್ರನಡಿಗೆಯನ್ನು ಜಗತ್ತು ಕಿವಿಯಿಂದ ಮಾತ್ರ ಕೇಳಬೇಕಾಯಿತು.

ಇದೇ ಯಾತ್ರೆಯಲ್ಲಿ ಇನ್ನೊಂದು ಚಿಕ್ಕ ಪ್ರಸಂಗವಿದೆ. ಚಂದ್ರನ ಮೇಲೆ ಇಬ್ಬರೂ ಒಟ್ಟಿಗೆ ನಿಂತ ಚಿತ್ರ ಬಂದರೆ, ತೆಗೆದವರು ಯಾರು ಎಂದು ಜನ ಬೆರಗಾಗಲಿ ಎಂಬ ತಮಾಷೆಗಾಗಿ ಅವರು ತಾನಾಗಿ ಕ್ಲಿಕ್ಕಿಸುವ ಟೈಮರೊಂದನ್ನು ಗುಟ್ಟಾಗಿ ಒಯ್ದಿದ್ದರು. ಬೇಕಾದ ಹೊತ್ತಿಗೆ ಅದು ಚೀಲದೊಳಗೆ ಕಲ್ಲುಮಣ್ಣಿನ ನಡುವೆ ಸಿಗಲೇ ಇಲ್ಲ. ಅವರ ಮಣಿಕಟ್ಟಿಗೆ ಕಟ್ಟಿದ ಪುಟ್ಟ ಪುಸ್ತಕದಲ್ಲಿ ಮಾಡಬೇಕಾದ ಕೆಲಸಗಳೆಲ್ಲ ಸಾಲುಸಾಲಾಗಿದ್ದವು. ಗುಟ್ಟಿನ ಟೈಮರು ಮಾತ್ರ ಆ ಪಟ್ಟಿಯಲ್ಲಿ ಇರುವಂತಿರಲಿಲ್ಲ.

ಚಿತ್ರ ತೆಗೆಯುವ ಮೊದಲು ಪರೀಕ್ಷಿಸಬೇಕು ಎನ್ನುತ್ತೇವೆ. ಪರೀಕ್ಷಿಸುವ ಉಪಕರಣವೇ ತಪ್ಪಾಗಿದ್ದರೆ? 1990ರ ಏಪ್ರಿಲ್ 24ರಂದು ಆಕಾಶಕ್ಕೇರಿದ ಹಬಲ್ ದೂರದರ್ಶಕದ ಕತೆ ಅದು. ಅದರ ಡಿಜಿಟಲ್ ಕ್ಯಾಮೆರಾಗಳು ಕಳುಹಿಸಿದ ಮೊದಲ ಚಿತ್ರಗಳಲ್ಲಿ ನಕ್ಷತ್ರಗಳ ಸುತ್ತ ಮಂಜು ಕವಿದಂತಿತ್ತು. ಎಷ್ಟು ಹೊಂದಿಸಿದರೂ ಫೋಕಸ್ ಪೂರ್ತಿ ಕೂಡಲಿಲ್ಲ. ವಿಚಾರಿಸಿದಾಗ ತಿಳಿದದ್ದು: ಕನ್ನಡಿಯ ಆಕಾರವನ್ನು ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರಿನಷ್ಟು ತಪ್ಪು ಜಾಗದಲ್ಲಿ ಕುಳಿತಿತ್ತು. ಆ ತಪ್ಪು ಅಳತೆಗೆ ಅತ್ಯಂತ ನಿಖರವಾಗಿ ಹೊಂದುವಂತೆ ಕನ್ನಡಿಯನ್ನು ಉಜ್ಜಿದ್ದರು. ಅಂಚಿನಲ್ಲಿ ಸುಮಾರು 2.2 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ, ವ್ಯತ್ಯಾಸವಾಗಿತ್ತು. ಬೇರೆ ಪರೀಕ್ಷೆಗಳು ದೋಷವನ್ನು ಸೂಚಿಸಿದ್ದುವು. ಆದರೆ ಒಂದರ ಮೇಲೆಯೇ ನಂಬಿಕೆ ಇಟ್ಟು ಉಳಿದವನ್ನು ಬದಿಗೆ ಸರಿಸಿದ್ದರು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ, ಒಂದು ರೀತಿಯಲ್ಲಿ ಕನ್ನಡಕ ತೊಡಿಸಿ ಬಂದ ಮೇಲೆಯೇ ಹಬಲ್‌ನ ಕಣ್ಣು ತಿಳಿಯಾದದ್ದು.

ಇನ್ನು, ಮರೆವು ಎಂಬ ಶಬ್ದಕ್ಕೆ ಅಕ್ಷರಶಃ ಸಲ್ಲುವ ಪ್ರಸಂಗ 2005ರದ್ದು. ನಾಸಾದ ಕಸೀನಿ ನೌಕೆ ಮತ್ತು ಅದರ ಬೆನ್ನಿಗೆ ಅಂಟಿದ್ದ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಹೈಗೆನ್ಸ್ ಎಂಬ ಶೋಧಕ 1997ರ ಅಕ್ಟೋಬರ್ 15ರಂದು ಶನಿಗ್ರಹದತ್ತ ಹೊರಟವು. ಶನಿಯ ಅತಿ ದೊಡ್ಡ ಚಂದ್ರ ಟೈಟನ್ ದಟ್ಟ ಹೊಗೆಮಂಜಿನಿಂದ ಮುಚ್ಚಿದೆ. ಹೈಗೆನ್ಸ್ ಅದರೊಳಕ್ಕೆ ಇಳಿದು, ಕಂಡದ್ದನ್ನು ಮೇಲೆ ಹಾದುಹೋಗುವ ಕಸೀನಿಗೆ ರೇಡಿಯೋ ಮೂಲಕ ತಿಳಿಸಬೇಕು. ಕಸೀನಿ ಅದನ್ನು ಭೂಮಿಗೆ ಮುಟ್ಟಿಸಬೇಕು. ಅದಕ್ಕಾಗಿ ಎ ಮತ್ತು ಬಿ ಎಂಬ ಎರಡು ದಾರಿಗಳು, ಅಂದರೆ ಚಾನೆಲ್‌ಗಳು.

2000ದಲ್ಲಿ, ಪಯಣದ ನಡುವೆಯೇ, ಬೋರಿಸ್ ಸ್ಮೆಡ್ಸ್ ಎಂಬ ಎಂಜಿನಿಯರ್ ಭೂಮಿಯಿಂದ ಹೈಗೆನ್ಸ್‌ನಂತೆಯೇ ಸಂಕೇತ ಕಳುಹಿಸಿ ಕಸೀನಿಯ ಗ್ರಾಹಕವನ್ನು ಪರೀಕ್ಷಿಸಿದರು. ಶೋಧಕ ಮತ್ತು ನೌಕೆ ವೇಗವಾಗಿ ಪರಸ್ಪರ ಸಮೀಪಿಸುವಾಗ ಸಂಕೇತದ ಲಯ ಸ್ವಲ್ಪ ಬದಲಾಗುತ್ತದೆ. ದೂರದಿಂದ ಬರುವ ರೈಲಿನ ಸಿಳ್ಳೆಯ ಧ್ವನಿ ಏರಿದಂತೆ ಕೇಳುವುದಿಲ್ಲವೇ, ಅದೇ ತತ್ತ್ವ. ಗ್ರಾಹಕ ಅದನ್ನು ತಾಳಿಕೊಳ್ಳಲಾರದು ಎಂಬ ಗಂಭೀರ ದೋಷ ಬಯಲಾಯಿತು. ಯಂತ್ರವನ್ನು ರಿಪೇರಿ ಮಾಡಲು ಅಲ್ಲಿಗೆ ಹೋಗುವಂತಿಲ್ಲ. ಆದ್ದರಿಂದ ಕಸೀನಿಯ ಹಾದಿಯನ್ನೇ ಬದಲಿಸಿ, ವೇಗದ ವ್ಯತ್ಯಾಸ ಕಡಿಮೆಯಾಗುವಂತೆ ಮಾಡಿದರು. ಪರೀಕ್ಷೆಯ ಇತಿಹಾಸದಲ್ಲಿ ಇದೊಂದು ಉಜ್ಜ್ವಲ ಅಧ್ಯಾಯ.

2005ರ ಜನವರಿ 14ರಂದು ಹೈಗೆನ್ಸ್ ಟೈಟನ್ನಿನೊಳಗೆ ಇಳಿಯಿತು. ಸುಮಾರು ಎರಡೂವರೆ ಗಂಟೆಯ ಇಳಿತ. ನೆಲ ಮುಟ್ಟಿದ ಮೇಲೂ ಒಂದು ಗಂಟೆಗೂ ಹೆಚ್ಚು ಕಾಲ ಅದು ಮಾತನಾಡಿತು. ಬಿ ಚಾನೆಲ್ಲಿನ ಮಾತೆಲ್ಲ ಕೇಳಿಸಿತು. ಎ ಚಾನೆಲ್ ಮೌನ! ಕಾರಣ ಇಷ್ಟೆ: ಎ ಚಾನೆಲ್ಲಿನ ಗ್ರಾಹಕವನ್ನು ಪೂರ್ತಿ ಸಿದ್ಧಗೊಳಿಸುವ ಒಂದು ಆಜ್ಞೆ ಕಸೀನಿಗೆ ಕಳುಹಿಸಿದ ಆಜ್ಞೆಗಳ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಕಷ್ಟದ ದೋಷವನ್ನು ಐದು ವರ್ಷ ಮೊದಲೇ ಹಿಡಿದವರಿಂದ ಸುಲಭದ ಸ್ವಿಚ್ಚು ತಪ್ಪಿಹೋಯಿತು. ತಪ್ಪು ತಮ್ಮದೇ ಎಂದು ಯುರೋಪಿನ ಸಂಸ್ಥೆ ಒಪ್ಪಿಕೊಂಡಿತು.

ನಷ್ಟವಾದದ್ದು ಯಾರಿಗೆ? ಹೆಚ್ಚಿನ ಉಪಕರಣಗಳವರು ತಮ್ಮ ಅಂಕಿಗಳನ್ನು ಎರಡೂ ಚಾನೆಲ್ಲುಗಳಲ್ಲಿ ಕಳುಹಿಸಿದ್ದರು. ಅವರಿಗೆ ಏನೂ ಕಳೆಯಲಿಲ್ಲ. ಕ್ಯಾಮೆರಾದವರು ಮಾತ್ರ ಚಿತ್ರಗಳ ಸಂಖ್ಯೆ ಇಮ್ಮಡಿಯಾಗಲೆಂದು ಅರ್ಧವನ್ನು ಒಂದರಲ್ಲಿ, ಅರ್ಧವನ್ನು ಇನ್ನೊಂದರಲ್ಲಿ ಹಂಚಿದ್ದರು. ಸುಮಾರು 700ರಲ್ಲಿ ಕೈಗೆ ಬಂದದ್ದು 350ರಷ್ಟು. ಗಾಳಿಯ ವೇಗವನ್ನು ಅಳೆಯುವ ಪ್ರಯೋಗವಂತೂ ಎ ಚಾನೆಲ್ಲನ್ನೇ ನಂಬಿತ್ತು. ಭೂಮಿಯ ದೊಡ್ಡ ರೇಡಿಯೋ ದೂರದರ್ಶಕಗಳು ಆ ಕ್ಷೀಣ ದನಿಯನ್ನು ನೇರವಾಗಿ ಆಲಿಸುತ್ತಿದ್ದುದರಿಂದ ಅದರ ಬಹುಭಾಗ ಉಳಿಯಿತು. ಉಳಿದ 350 ಚಿತ್ರಗಳಲ್ಲಿಯೇ ನದಿಯಂತಹ ಕಾಲುವೆಗಳು, ಉರುಟಾದ ಹಿಮದ ಕಲ್ಲುಗಳು ಕಂಡು ಜಗತ್ತು ಬೆರಗಾಯಿತು. ಬಾರದೆ ಹೋದವುಗಳಲ್ಲಿ ಏನಿತ್ತು ಎಂಬುದನ್ನು ಇನ್ನು ಯಾರೂ ಹೇಳಲಾರರು.

ಹಾಗಾದರೆ ಇದಕ್ಕೆ ಮದ್ದೇನು? ಅದನ್ನು ಕಂಡುಕೊಂಡವರು ಛಾಯಾಗ್ರಾಹಕರಲ್ಲ, ವಿಮಾನ ಚಾಲಕರು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಮಾಡೆಲ್ 299 ಎಂಬ ಹೊಸ ವಿಮಾನ ಮೇಲೇರಿದ ಕೂಡಲೇ ಕುಸಿದುಬಿತ್ತು. ನಿಂತ ವಿಮಾನದ ರೆಕ್ಕೆಬಾಲಗಳ ಪಟ್ಟಿಗಳು ಗಾಳಿಗೆ ಅಲುಗಾಡದಂತೆ ಹಾಕುವ ಬೀಗವೊಂದನ್ನು ತೆಗೆದಿರಲಿಲ್ಲ. ನಡೆಸುತ್ತಿದ್ದವರು ನುರಿತ ಚಾಲಕರು. ಮೇಜರ್ ಹಿಲ್ ಮತ್ತು ಟವರ್ ಇಬ್ಬರೂ ಪ್ರಾಣ ಕಳೆದುಕೊಂಡರು. ಆ ಬಳಿಕ ಚಾಲಕರು ಇನ್ನಷ್ಟು ಬುದ್ಧಿವಂತರಾಗಲು ಹೊರಡಲಿಲ್ಲ. ಹಾರುವ ಮುಂಚೆ ಪ್ರತಿ ಬಾರಿಯೂ ಓದಿ ಗುರುತು ಹಾಕಬೇಕಾದ ಒಂದು ಪಟ್ಟಿಯನ್ನು ಬರೆದುಕೊಂಡರು. ಜಾಣತನಕ್ಕೂ ಮರೆವಿಗೂ ಸಂಬಂಧವಿಲ್ಲ ಎಂಬುದನ್ನು ಒಪ್ಪಿಕೊಂಡದ್ದೇ ಅವರ ದೊಡ್ಡತನ. ಅಪೊಲೊ ಯಾತ್ರಿಗಳ ಮಣಿಕಟ್ಟಿನ ಪುಸ್ತಕ ಅದರದ್ದೇ ಸಂತತಿ.

ಕೊನೆಯದಾಗಿ, ನಮ್ಮ ಮನೆಗಳ ಇತಿಹಾಸಕ್ಕೆ ಸೇರಿದ ಒಂದು ಸೆಟ್ಟಿಂಗಿನ ಬಗೆಗೆ ಹೇಳಬೇಕು: ದಿನಾಂಕ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಳಗೂ ತೆಗೆದ ದಿನ, ಗಂಟೆ, ಬೆಳಕಿನ ಅಂಕಿಗಳನ್ನು ಬರೆದಿಡುತ್ತದೆ. ಎಕ್ಸಿಫ್ ಎಂಬ ಈ ಪದ್ಧತಿಯನ್ನು ಜಪಾನಿನವರು 1995ರಲ್ಲಿ ರೂಪಿಸಿದರು. ಸೊಬ್ರಾಲಿನ ಟಿಪ್ಪಣಿಯಂತೆ ಇದೂ ಒಂದು ಪ್ರಾಮಾಣಿಕ ದಾಖಲೆ; ಆದರೆ ಒಳಗಿನ ಗಡಿಯಾರ ಸರಿಯಿದ್ದರೆ ಮಾತ್ರ. ಬ್ಯಾಟರಿ ಬಹುಕಾಲ ಬರಿದಾಗಿದ್ದರೆ ಗಡಿಯಾರ ಕಾರ್ಖಾನೆಯ ದಿನಾಂಕಕ್ಕೆ ಹಿಂದಿರುಗುವ ಕ್ಯಾಮೆರಾಗಳು ಹಲವು. ಆಗ 2008ರ ಉಪನಯನ 2005ರ ಜನವರಿ ಒಂದರಂದು ನಡೆದುಹೋಗುತ್ತದೆ! ಚಿತ್ರ ಸುಂದರವಾಗಿಯೇ ಇರುವುದರಿಂದ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಐವತ್ತು ವರ್ಷಗಳ ನಂತರ, ಆ ದಿನ ಅಲ್ಲಿದ್ದವರು ಯಾರೂ ಇಲ್ಲದಿರುವಾಗ, ಮೊಮ್ಮಗನೊಬ್ಬ ಅದನ್ನೇ ಪ್ರಮಾಣವೆಂದು ನಂಬುತ್ತಾನೆ. ಶಾಸನದ ಶಕವರ್ಷ ತಪ್ಪಿದರೆ ವಿದ್ವಾಂಸರು ತಲೆಮಾರುಗಳ ಕಾಲ ಜಗಳವಾಡುತ್ತಾರೆ. ನಮ್ಮ ಮನೆಯ ಚಿತ್ರಗಳಿಗೆ ಅಷ್ಟು ವಿದ್ವಾಂಸರೂ ದೊರೆಯಲಾರರು.

ಆದ್ದರಿಂದ ಒಂದು ಚೀಟಿಯ ಮೇಲೆ ಆರು ಶಬ್ದಗಳನ್ನು ಬರೆದು ಕ್ಯಾಮೆರಾದ ಚೀಲದೊಳಗೆ ಇಟ್ಟುಕೊಳ್ಳಿರಿ: ದಿನಾಂಕ, ಅಳತೆ, ಬೆಳಕು, ಬಣ್ಣ, ಬ್ಯಾಟರಿ, ಕಾರ್ಡು. ಮೊಬೈಲಿನಲ್ಲಿಯೇ ಚಿತ್ರ ತೆಗೆಯುವವರಾದರೆ ಮಸೂರದ ಮೇಲಿನ ಬೆರಳಚ್ಚನ್ನು ಒರೆಸುವುದೂ ಈ ಪಟ್ಟಿಗೆ ಸೇರಲಿ. ಮನೆಯಲ್ಲಿ ನೋಡಿಕೊಂಡು ಬಂದಿದ್ದರೂ ಮಂಟಪದಲ್ಲಿ, ಅಲ್ಲಿಯ ಬೆಳಕಿನಲ್ಲಿ, ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿರಿ. ರಾತ್ರಿಯ ಪರೀಕ್ಷೆ ಹಗಲಿಗೆ ಸಲ್ಲದೆಂದು ಸೊಬ್ರಾಲಿನ ಕನ್ನಡಿ ಹೇಳಿಕೊಟ್ಟಿದೆ. ಮತ್ತೆ ಬಾರದ ಗಳಿಗೆಯಾದರೆ ಇನ್ನೊಬ್ಬರ ಕೈಯಲ್ಲಿಯೂ ಒಂದು ಕ್ಯಾಮೆರಾ ಇರಲಿ, ಅದೆಷ್ಟೇ ಚಿಕ್ಕದಾಗಿರಲಿ. ಐನ್‌ಸ್ಟೈನರ ಸಾಕ್ಷ್ಯ ಉಳಿದದ್ದು ನಾಲ್ಕು ಅಂಗುಲದ ಗಾಜಿನಿಂದ. ಇಷ್ಟರ ಮೇಲೂ ಚಿತ್ರ ಕೆಟ್ಟರೆ ಅಳಿಸಿಹಾಕಬೇಡಿರಿ. ಎಂದು, ಎಲ್ಲಿ, ಚಿತ್ರದಲ್ಲಿ ಯಾರಿದ್ದಾರೆ ಎಂದು ಒಂದು ಸಾಲು ಬರೆದು ಉಳಿಸಿರಿ. ಕದಡಿದ ಚಿತ್ರದಲ್ಲಿಯೂ ಅಜ್ಜಿ ಇರುತ್ತಾಳೆ. ಆಕೆಯ ಹೆಸರು ಬರೆದಿಡುವವರೊಬ್ಬರು ಬೇಕು, ಅಷ್ಟೆ.